ಕೈ ಎತ್ತಿದವರು

ಸಭಾಂಗಣದ ಎರಡನೇ ಸಾಲಿನಲ್ಲಿ ಅಪ್ಪ, ಅವ್ವ ಬಂದು ಕುಳಿತದ್ದನ್ನು ಕಂಡ ತೇಜಶ್ರೀ ಪರದೆಯ ಹಿಂದಕ್ಕೆ ಸರಿದು ದೀಪಿಕಾಳ ಕೈ ಹಿಡಿದುಕೊಂಡಳು.

"ನಮ್ಮ ಮನೆಗೆ ಯಾರೇ ಹೇಳಿದ್ದು?"

"ನಾನೇ ಫೋನ್ ಮಾಡ್ದೆ. ನಾನು ಸಂಘದ ಕಾರ್ಯದರ್ಶಿ ಅಂದಮೇಲೆ ಕರೀಲೇಬೇಕಲ್ಲ. ನಿಮ್ಮ ಮಗಳಿಗೆ ಸನ್ಮಾನ ಐತೆ, ಇಬ್ರೂ ಬರ್ರಿ ಅಂದೆ. ಯಾಕೆ?"

"ನಾನು ಎಲೆಕ್ಷನ್ನಿಗೆ ನಿಂತಿದ್ದೇ ಮನೇಲಿ ಗೊತ್ತಿಲ್ಲ ಕಣೇ."

ದೀಪಿಕಾಳ ಮುಖದ ನಗು ಇಳಿಯಿತು. ಚಳ್ಳಕೆರೆಯ ಆ ಸ್ನಾತಕೋತ್ತರ ಕೇಂದ್ರದ ವಿದ್ಯಾರ್ಥಿ ಸಂಘಕ್ಕೆ ಮೊದಲಿನಿಂದ ಒಂದು ಪದ್ಧತಿಯಿತ್ತು. ಹೊಸ ಅಧ್ಯಕ್ಷರ ತಂದೆ ತಾಯಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಿದ್ದರು. ಅಧ್ಯಕ್ಷರ ಬ್ಯಾಡ್ಜನ್ನು ಎದೆಗೆ ಚುಚ್ಚುವವರೂ ಅವರೇ. ಅದಾದ ಮೇಲೆಯೇ ಪ್ರಮಾಣವಚನ. ಇದುವರೆಗೆ ಅಧ್ಯಕ್ಷರಾದವರೆಲ್ಲ ಹುಡುಗರು. ಅವರ ಅಪ್ಪಂದಿರು ಹಾರ ಹಿಡಿದುಕೊಂಡೇ ಬಂದಿದ್ದರು.

ತೇಜಶ್ರೀಯ ಅಪ್ಪ ಬೊಮ್ಮಲಿಂಗಪ್ಪ ಮೊಳಕಾಲ್ಮೂರಿನಲ್ಲಿ ಮನೆಯಲ್ಲೇ ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುವವನು. ಕೆಲವು ವರ್ಷಗಳ ಹಿಂದೆ ಅವನ ತಮ್ಮ ಪಾತಣ್ಣ ಪಟ್ಟಣ ಪಂಚಾಯಿತಿ ಚುನಾವಣೆಗೆ ನಿಂತು ಸೋತಿದ್ದ. ಸ್ವಂತ ಅಣ್ಣನೇ ಓಟು ಹಾಕಲಿಲ್ಲವೆಂದು ಯಾರೋ ಕಿವಿ ಊದಿದ್ದನ್ನು ನಂಬಿ ಓಣಿಯನ್ನೇ ಬಿಟ್ಟುಹೋದ. ಆಮೇಲೆ ಹಬ್ಬಕ್ಕೂ ಬರಲಿಲ್ಲ, ತಾಯಿಯ ತಿಥಿಗೂ ಬರಲಿಲ್ಲ. ಮಗಳನ್ನು ಎಂ.ಎ.ಗೆ ಸೇರಿಸುವಾಗ ಬೊಮ್ಮಲಿಂಗಪ್ಪ ಹೇಳಿದ್ದು ಒಂದೇ ಮಾತು: "ಓದು, ಬಸ್ ಹತ್ತು, ಮನೆಗೆ ಬಾ. ಎಲೆಕ್ಷನ್ನು ಗಿಲೆಕ್ಷನ್ನು ಅಂತ ನನ್ನ ಕಿವಿಗೆ ಬಿತ್ತೋ, ಆವತ್ತಿಗೆ ಓದು ಮುಗೀತು ಅಂತ ತಿಳ್ಕೋ."

ಅವಳು ಆ ಮಾತು ಮೀರಿದ್ದು ಹುಮ್ಮಸ್ಸಿನಿಂದಲ್ಲ. ಸಂಜೆಯ ಬಸ್ಸು ಗೇಟಿನ ಮುಂದೆ ನಿಲ್ಲುತ್ತಿರಲಿಲ್ಲ. ಹುಡುಗಿಯರು ಕತ್ತಲಾಗುವುದರೊಳಗೆ ಬಸ್ ನಿಲ್ದಾಣ ಸೇರಲು ಕೊನೆಯ ತರಗತಿಯನ್ನೇ ಬಿಟ್ಟು ಓಡುತ್ತಿದ್ದರು. ಇದನ್ನು ಕೇಳಲು ಯಾರಾದರೂ ಒಬ್ಬರು ಬೇಕು ಎಂದು ಎಲ್ಲರೂ ಅವಳನ್ನೇ ಮುಂದಕ್ಕೆ ತಳ್ಳಿದ್ದರು.

"ಪದ್ಧತಿ ಈ ವರ್ಷ ಬಿಟ್ಟುಬಿಡೋಣ್ವಾ?" ದೀಪಿಕಾ ಪಿಸುಗುಟ್ಟಿದಳು.

"ಬಸ್ ಹತ್ತಿ ಬಂದೋರನ್ನ ಸುಮ್ನೆ ಕಳಿಸ್ತೀಯಾ? ಕರಿ. ಆಗಿದ್ದಾಗ್ಲಿ."

ದೀಪಿಕಾ ಮೈಕಿನಲ್ಲಿ, "ಚುನಾವಣೆಯಲ್ಲಿ ಗೆದ್ದು ನಮ್ಮ ಸಂಘದ ಮೊದಲ ಅಧ್ಯಕ್ಷೆಯಾದ ತೇಜಶ್ರೀಯ ತಂದೆ ತಾಯಿ ವೇದಿಕೆಗೆ ಬರಬೇಕು" ಎಂದಳು. ಮಗಳ ಹೆಸರು ಕೇಳಿ ಎದ್ದ ಬೊಮ್ಮಲಿಂಗಪ್ಪ ಚುನಾವಣೆ ಎಂಬ ಮಾತು ಮನಸ್ಸಿಗೆ ಹತ್ತುತ್ತಲೇ ಹಾಗೇ ನಿಂತುಬಿಟ್ಟ. ಹೆಂಡತಿ ಹೊನ್ನಕ್ಕ ಬೆನ್ನಿಗೆ ಕೈ ಕೊಟ್ಟ ಮೇಲೆ ಮೆಟ್ಟಿಲು ಹತ್ತಿದ. ಶಾಲು ಹೊದಿಸಿದರು. ಕೈಗೆ ಬ್ಯಾಡ್ಜು ಕೊಟ್ಟರು. ಅದನ್ನು ಬೆರಳ ತುದಿಯಲ್ಲಿ ಹಿಡಿದು ಮಗಳ ಮುಖ ನೋಡಿದ. ತೇಜಶ್ರೀ ತಲೆ ತಗ್ಗಿಸಿದಳು. ಸಭೆ ಚಪ್ಪಾಳೆ ನಿಲ್ಲಿಸಿ ಕಾಯತೊಡಗಿತು.

ಬೊಮ್ಮಲಿಂಗಪ್ಪ ಮೈಕಿನ ಹತ್ತಿರ ಹೋದ.

"ನಂಗೆ ಭಾಷಣ ಬರಲ್ರಿ. ಇವಳು ನಿಂತಿದ್ದು ನಂಗೆ ಗೊತ್ತಿರ್ಲಿಲ್ಲ. ಗೊತ್ತಾಗಿದ್ರೆ ಬ್ಯಾಡ ಅಂತಿದ್ದೆ. ಹೇಳಿದ್ರೆ ಬ್ಯಾಡ ಅಂತಾನೆ ಅಂತ್ಲೇ ಹೇಳಿಲ್ಲ." ಸಭೆಯ ಕಡೆ ತಿರುಗಿದ. "ಒಂದು ಕೇಳ್ತೀನಿ. ಇವಳಿಗೆ ಓಟು ಹಾಕಿದೋರು ಯಾರ್ಯಾರು? ಕೈ ಎತ್ರಿ, ನೋಡಣ."

ಮುಂದಿನ ಸಾಲಿನ ಹುಡುಗಿಯರು ಥಟ್ಟನೆ ಕೈ ಎತ್ತಿದರು. ನಡುವಿನ ಸಾಲುಗಳಲ್ಲಿ ಒಂದೊಂದೇ ಕೈ ಮೇಲೆದ್ದಿತು. ಆಮೇಲೆ ಹಿಂದೆ, ಬಾಗಿಲ ಬಳಿ ನಿಂತವರದು. ಅವರಲ್ಲಿ ಎಷ್ಟೋ ಜನ ತನಗೆ ಓಟು ಹಾಕಿದವರಲ್ಲವೆಂದು ತೇಜಶ್ರೀಗೆ ಗೊತ್ತಿತ್ತು. ಆದರೂ ಕೈಗಳು ಏಳುತ್ತಲೇ ಇದ್ದವು. ಬೊಮ್ಮಲಿಂಗಪ್ಪ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಮತ್ತೊಮ್ಮೆ ನೋಡಿದ.

"ಚುಚ್ರಿ ಅದನ್ನ," ಹೊನ್ನಕ್ಕ ಹಿಂದಿನಿಂದ ಅಂದಳು. "ಎಷ್ಟೊತ್ತು ಅಂತ ಕೈ ಎತ್ಕಂಡಿರ್ತಾವೆ ಹುಡುಗ್ರು?"

ಆ ಮಾತು ಮೈಕಿಗೂ ಕೇಳಿಸಿ ಸಭೆಯೆಲ್ಲ ನಕ್ಕಿತು. ಬೊಮ್ಮಲಿಂಗಪ್ಪನಿಗೂ ನಗು ಬಂತು. ಸೂಕ್ಷ್ಮವಾದ ರೇಷ್ಮೆ ಎಳೆ ಹಿಡಿದು ಪಳಗಿದ ಕೈ ಇವತ್ತು ಒಂದು ಪಿನ್ನಿಗೆ ತಡವರಿಸಿತು. ಕೊನೆಗೆ ಚುಚ್ಚಿ, ಮಗಳ ಹೆಗಲ ಮೇಲೆ ಕೈಯಿಟ್ಟ. ತೇಜಶ್ರೀಗೆ ಕಣ್ಣು ತುಂಬಿ ಸಭೆಯೆಲ್ಲ ಮಂಜಾಯಿತು.

"ಆ ಕಂಬದ ಹತ್ರ ಕುಂತಾನಲ್ಲ," ಅಪ್ಪ ಅವಳ ಕಿವಿಯ ಬಳಿ ಕೇಳಿದ. "ಎಲ್ರೂ ಒಂದು ಕೈ ಎತ್ತಿದ್ರೆ ಅವನು ಎರಡೂ ಎತ್ಯಾನೆ. ಯಾರವ್ವ ಆ ಹುಡುಗ?"

ತೇಜಶ್ರೀ ಕಣ್ಣೊರೆಸಿಕೊಂಡು ನೋಡಿದಳು. ಎಣ್ಣೆ ಮಿಲ್ಲಿನ ಮನೆಯ ಶಶಿಕಾಂತ್. ಪಕ್ಕದವನ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದ. ಕೈ ಇನ್ನೂ ಇಳಿಸಿರಲಿಲ್ಲ.

"ನನ್ನ ಎದುರಿಗೆ ನಿಂತಿದ್ದೋನಪ್ಪ. ಸೋತ."

ಬೊಮ್ಮಲಿಂಗಪ್ಪ ಮೆಟ್ಟಿಲು ಇಳಿಯುವುದನ್ನು ಮರೆತು ಅವನನ್ನೇ ನೋಡುತ್ತ ನಿಂತ.

"ಸೋತ ಮೇಲೂ ಇಲ್ಲೇ ಕುಂತಾನಾ?"