ಹುಳ ಕಟ್ಟಿದ ಗೋಡೆ

ಈಗಲೂ ಹಸಿ ಸಿಮೆಂಟಿನ ವಾಸನೆ ಬಂದರೆ ಆಳಂದದ ಆ ಮಧ್ಯಾಹ್ನ ನೆನಪಾಗುತ್ತದೆ. ಅಜ್ಜ ಗೌಂಡಿ; ಊರಿನ ಯಾವ ಗೋಡೆಯನ್ನೂ ಹೊಗಳಿದವನಲ್ಲ. ಅಂದು ನಮ್ಮ ಪಡಸಾಲೆಯ ಗೋಡೆಗೆ ಸಿಮೆಂಟು ಬಳಿದು ಗಿಲಾವು ಮಾಡುತ್ತಿದ್ದ. ಲಾರಿ ಓಡಿಸುವ ಮಾವ ರತ್ನಾಗಿರಿಯಿಂದ ಬಂದವನೇ ಬೆಂಕಿಪೊಟ್ಟಣ ತೆರೆದು, ಅರ್ಧ ಬೆರಳುದ್ದದ ಉಸುಕಿನ ಕೊಳವೆಯೊಂದನ್ನು ಅಜ್ಜನ ಅಂಗೈಯಲ್ಲಿಟ್ಟ. ಕಾಗದದಷ್ಟು ತೆಳುವಾದ ಅದರ ಗೋಡೆಯಲ್ಲಿ ಹರಳಿಗೆ ಹರಳು ಸಂದಿಯಿಲ್ಲದೆ ಕೂತಿತ್ತು.

"ಯಾವ ಗೌಂಡಿ ಕಟ್ಯಾನಲೇ ಇದನ್ನ?"

"ಗೌಂಡಿ ಅಲ್ಲಪ್ಪಾ, ಸಮುದ್ರದ ಹುಳ. ತಳದ ಉಸುಕಿನಾಗ ತಲಿಕೆಳಗಾಗಿ ಇರ್ತದ. ಒಂದೊಂದೇ ಹರಳು ಆರಿಸಿ, ತನ್ನ ಅಂಟಿನಿಂದ ಹಚ್ಚಿ ಮನಿ ಕಟ್ಕೊಂತದ."

"ನೀರಾಗ ಕುಂತು?"

ಅಜ್ಜ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಮುಂಜಾನೆಯಿಂದ ಮಾಡಿದ್ದ ಗಿಲಾವನ್ನೆಲ್ಲ ಕೆರೆದು ಹಾಕಿ, ನನ್ನ ಕೈಗೆ ಉಸುಕು ಸೋಸುವ ಸಾಣಿಗೆ ಕೊಟ್ಟ.

"ಉಸುಕು ಇನ್ನೊಮ್ಮೆ ಸಾಣಿಸು ಬೇ."