ಮಗುಚಿದ ಕಲ್ಲು

ಗೇಟಿಗೆ ರಿಬ್ಬನ್ ಕಟ್ಟುವುದೊಂದೇ ಬಾಕಿ. ಅಷ್ಟರಲ್ಲಿ ನೀಲಿ ಅಜ್ಜಿ ಸೊಸೆಯ ಕೈ ಬಿಡಿಸಿಕೊಂಡು ಒಳಗೆ ನುಗ್ಗಿ, “ನಮ್ಮ ಕಲ್ಲೆಲ್ಲಪ್ಪಾ?” ಎಂದು ಮೇಸ್ತ್ರಿಯನ್ನು ಕೇಳಿಯೇಬಿಟ್ಟಳು.

ಮೇಸ್ತ್ರಿ ಕಕ್ಕಾಬಿಕ್ಕಿಯಾದ. ಲಾಂಡ್ರಿ ಬೀದಿಯನ್ನು ಕೆಡವಿ ದೊಡ್ಡ ಕಟ್ಟಡಗಳು ಎದ್ದ ಮೇಲೆ, ಅದರ ನೆನಪಿಗೆಂದು ಬಿಟ್ಟಿದ್ದೇ ಅಂಗೈಯಗಲದ ಈ ಪಾರ್ಕು. ಬೀದಿಯವರ ಒಗೆಯುವ ಕಲ್ಲುಗಳೇ ಈಗ ಬೆಂಚುಗಳು.

“ಇವೇ ಅಲ್ವಾ ಅಜ್ಜಿ, ಎಲ್ಲಾ ನಿಮ್ಮವೇ.”

“ಕನ್ನಡಿ ಥರ ನುಣ್ಣಗಿವೆಯಲ್ಲಾ! ತಿಕ್ಕಿ ತಿಕ್ಕಿ ಬಿದ್ದ ಗುಳಿ ಎಲ್ಲಿ ಹೋಯ್ತು?”

“ಗುಳೀಲಿ ನೀರು ನಿಲ್ಲುತ್ತಜ್ಜಿ, ಕೂತವರ ಬಟ್ಟೆ ಒದ್ದೆ. ಅದಕ್ಕೇ ಮಗುಚಿ ಹಾಕಿದ್ವಿ. ತಳಕ್ಕೆ ಪಾಲಿಶ್ ಹೊಡೆಸಿದೀನಿ, ಹೆಂಗಿದೆ?” ಪಾಪ, ಅವನಿಗೆ ನಿಜಕ್ಕೂ ಹೆಮ್ಮೆ.

ಅಜ್ಜಿಯ ಬಳಿ ಅಮ್ಮನದೊಂದು ಫೋಟೋ ಇಲ್ಲ. ಜೀವಮಾನವೆಲ್ಲ ಕಂಡವರ ಬಟ್ಟೆ ತಿಕ್ಕಿದವಳು ಫೋಟೋಗೆ ಯಾವಾಗ ನಿಂತಾಳು? ಉಳಿದದ್ದು ಆ ಕಲ್ಲೊಂದೇ. ಮಿಕ್ಕವರ ಕಲ್ಲಿಗೆ ಒಂದೊಂದು ಗುಳಿ, ಇವರದಕ್ಕೆ ಎರಡು. ದೊಡ್ಡದು ಅಮ್ಮನದು, ಅದಕ್ಕೆ ಅಂಟಿಕೊಂಡ ಚಿಕ್ಕದು ತನ್ನದು. ಮಗಳಿಗೆ ಬೇರೆ ಕಲ್ಲು ತರುವ ಯೋಗ್ಯತೆ ಎಲ್ಲಿತ್ತು? “ಒಂದೇ ಕಲ್ಲಿಗೆ ತಾಯಿ ಮಗಳ ಕಿತ್ತಾಟ ನೋಡ್ರೇ!” ಎಂದು ಬೀದಿಯೇ ನಗುತ್ತಿತ್ತು.

“ಅದೊಂದನ್ನ ತಿರುಗಿಸಿ ಕೊಡು ಮಗಾ, ಕೈ ಮುಗೀತೀನಿ.”

“ಎರಡೂ ಕಡೆ ಕಂಬಕ್ಕೆ ಸಿಮೆಂಟು ಕಚ್ಚಿಕೊಂಡಿದೆ ಅಜ್ಜಿ. ಇನ್ನು ಆ ಬ್ರಹ್ಮ ಬಂದ್ರೂ ಅಲ್ಲಾಡಲ್ಲ.”

ಅಜ್ಜಿ ಒಂದೊಂದೇ ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಡಿಗೆ ಕೈ ಹಾಕಿ ತಡವುತ್ತಾ ಹೋದಳು. ಒಂದು ಗುಳಿ. ಇದಕ್ಕೂ ಒಂದೇ. ಗೋಡೆ ಪಕ್ಕದ ಬೆಂಚಿಗೆ ಬಂದಾಗ ಕೈ ತಟ್ಟನೆ ನಿಂತಿತು. ಬಾಯಿಂದ “ಅಮ್ಮಾ” ಎಂದಷ್ಟೇ ಹೊರಟಿತು. ಹೊಸ ಸೀರೆಯನ್ನೂ ಲೆಕ್ಕಿಸದೆ ನೆಲದ ಮೇಲೆ ಅಂಗಾತ ಮಲಗಿ, ಬೆಂಚಿನ ಕೆಳಗೆ ತೂರಿಕೊಂಡಳು. ಗಳಗಳನೆ ಅತ್ತಳು.

ಗೇಟಿನಲ್ಲಿ ಅತಿಥಿಗಳ ಕಾರು ನಿಂತಿತು. ಸೊಸೆ ಓಡಿಬಂದು ಬಗ್ಗಿದಳು. “ಅತ್ತೆ, ಏಳಿ! ಎಲ್ಲಾ ನೋಡ್ತಿದ್ದಾರೆ, ಮಾನ ಹೋಗುತ್ತೆ!”

ಅಜ್ಜಿ ಕಣ್ಣೊರೆಸಿಕೊಳ್ಳಲಿಲ್ಲ. ಒಂದು ಕೈ ದೊಡ್ಡ ಗುಳಿಯಲ್ಲಿತ್ತು, ಇನ್ನೊಂದು ಚಿಕ್ಕದರಲ್ಲಿ.

“ನೋಡ್ಲಿ ಬಿಡೇ. ನೋಡೋಕೇ ತಾನೇ ಪಾರ್ಕು ಕಟ್ಟಿರೋದು? ಆದ್ರೆ ಅವರೂ ಹಿಂಗೇ ಮಲಗಬೇಕಾಗುತ್ತೆ.”