ವಲೇರಿಯನ್ನನ ಬೆನ್ನು

“ಇನ್ನೂ ಸ್ವಲ್ಪ ಬಗ್ಗಿ ರಘು, ಕುದುರೆ ಹತ್ತೋರ ಕಾಲು ಎಟುಕಬೇಕಲ್ಲ,” ಎಂದರು ಸುಚೇತಾ.

ರಘೂತ್ತಮ ಬಗ್ಗಿದ. ಎರಡೂ ಅಂಗೈ ಗ್ಯಾರೇಜಿನ ತಣ್ಣನೆಯ ನೆಲದ ಮೇಲೆ. ಚಂದ್ರಮೋಹನರ ಬಲಗಾಲು ಅವನ ಬೆನ್ನಿಗೆ ಬಂತು. ಪ್ರತಿ ಭಾನುವಾರದ ಹಾಗೆ ಇವತ್ತೂ ಭಾರ ಬಿಡಲಿಲ್ಲ, ಸುಮ್ಮನೆ ಮುಟ್ಟಿಸಿದರು ಅಷ್ಟೇ. ಅವನಿಗೆ ಉರಿಯುತ್ತಿದ್ದದ್ದು ಅದೇ. ತುಳಿಯುವವನು ನೆಟ್ಟಗೆ ತುಳಿಯಬಾರದೇ?

ಡಾಲಸ್ ಕಡೆಯ ಕನ್ನಡಿಗರ ದೀಪಾವಳಿ ನಾಟಕ. ಸುಚೇತಾ ಮೈಸೂರಿನಲ್ಲಿ ಇತಿಹಾಸ ಓದಿದವರು. ಈ ಸಲ ರಾಮಾಯಣ ಬೇಡ, ರೋಮನ್ನರು ಮತ್ತು ಪರ್ಷಿಯನ್ನರು ಎಂದು ಹಟ ಹಿಡಿದು ಬರೆದಿದ್ದರು. ಏಳುನೂರು ವರ್ಷ ಕಚ್ಚಾಡಿದ ಎರಡು ಸಾಮ್ರಾಜ್ಯಗಳು. ಗಡಿ ಒಮ್ಮೆ ಆಚೆ, ಒಮ್ಮೆ ಈಚೆ, ಕೊನೆಗೆ ಇಬ್ಬರೂ ಸುಸ್ತು. ಅದರಲ್ಲಿ ಸುಚೇತಾ ಆರಿಸಿಕೊಂಡದ್ದು ಒಂದೇ ಕಥೆ: ಎಡೆಸ್ಸಾ ಊರಿನ ಬಳಿ ಸೆರೆಸಿಕ್ಕ ರೋಮಿನ ಚಕ್ರವರ್ತಿ ವಲೇರಿಯನ್. ಪರ್ಷಿಯಾದ ದೊರೆ ಶಾಪುರ ಕುದುರೆ ಹತ್ತುವಾಗ ಅವನ ಬೆನ್ನನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಿದ್ದನಂತೆ. “ಸೋತ ಕಡೆಯವರು ಬರೆದಿಟ್ಟಿದ್ದು, ಎಷ್ಟು ನಿಜವೋ,” ಎಂದು ಸುಚೇತಾ ನಗುತ್ತಿದ್ದರು.

ಶಾಪುರನ ಪಾತ್ರ ಸುಚೇತಾರ ಗಂಡ ಚಂದ್ರಮೋಹನರದು. ವಲೇರಿಯನ್ ರಘೂತ್ತಮ. ಸೋಮವಾರ ಆಫೀಸಿಗೆ ಹೋದರೂ ಪಾತ್ರ ಬದಲಾಗುತ್ತಿರಲಿಲ್ಲ. ಚಂದ್ರಮೋಹನರೇ ಅವನ ಕಂಪನಿಯ ಮಾಲೀಕರು. ಗ್ರೀನ್ ಕಾರ್ಡಿನ ಅರ್ಜಿ ಅವರ ಕೈಯಲ್ಲಿ. ಕೆಲಸ ಬಿಟ್ಟರೆ ಆರು ವರ್ಷ ಕಾದದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ. ಹೆಂಡತಿ ಕೃಷ್ಣವೇಣಿ, ಮಗ ಆತ್ರೇಯ ಆಸ್ಟಿನ್ನಿನ ಮನೆಯಲ್ಲಿ, ಅವನು ಡಾಲಸ್ ಪಕ್ಕದ ಅಲೆನ್‌ನ ಬಾಡಿಗೆ ಕೋಣೆಯಲ್ಲಿ. ಕಂಪನಿಗೆ ಆಸ್ಟಿನ್ನಿನ ದ ಡೊಮೇನ್ ಬಡಾವಣೆಯಲ್ಲೂ ಆಫೀಸಿದೆ, ಅಲ್ಲಿ ಕುರ್ಚಿಯೂ ಖಾಲಿ ಇದೆ. ಎರಡು ವರ್ಷದಲ್ಲಿ ಮೂರು ಸಲ ಟ್ರಾನ್ಸ್‌ಫರ್ ಕೇಳಿದ್ದ. ಮೂರು ಸಲವೂ “ಈಗ ಬೇಡ ರಘು” ಎಂಬ ಒಂದೇ ಉತ್ತರ. ಕಾರಣ ಹೇಳುತ್ತಿರಲಿಲ್ಲ, ಮುಖವನ್ನೂ ನೋಡುತ್ತಿರಲಿಲ್ಲ. ಶನಿವಾರಕ್ಕೂ ಏನಾದರೊಂದು ಕೆಲಸ ಅಂಟಿಸುತ್ತಿದ್ದರು. ಭಾನುವಾರಕ್ಕೆ ಈ ನಾಟಕ. ಮನೆ ನೋಡಿ ಮೂರು ತಿಂಗಳಾಗಿತ್ತು.

ಹಾಗೆಂದು ಮನೆಯನ್ನು ಕೈಬಿಟ್ಟವನಲ್ಲ ರಘೂತ್ತಮ. ಅಲ್ಲಿ ನಾಲ್ಕು ಕ್ಯಾಮೆರಾ ಹಾಕಿಸಿದ್ದ. ಊಟ ಮಾಡುತ್ತ ಫೋನಿನಲ್ಲಿ ಹೆಂಡತಿ ಮಗನನ್ನು ನೋಡುತ್ತಿದ್ದ. ಒಂಟಿ ಗಂಡಸಿಗೆ ಇನ್ನೇನು ಸಮಾಧಾನ? ಕೃಷ್ಣವೇಣಿ ಇಪ್ಪತ್ತು ನಿಮಿಷ ತಡವಾಗಿ ಬಂದರೆ ಇವನ ಜೀವ ಬಾಯಿಗೆ ಬರುತ್ತಿತ್ತು, ತಕ್ಷಣ ಫೋನು. ಆತ್ರೇಯ ಗಿಟಾರ್ ಮುಟ್ಟಿದರೆ ಓದು ಹಾಳು, ಅದಕ್ಕೊಂದು ಫೋನು. ಅಡುಗೆಮನೆಯ ಕ್ಯಾಮೆರಾ ಹೋದ ತಿಂಗಳು ಕೆಟ್ಟಿತ್ತು. ಸರಿಮಾಡಿಸು ಎಂದು ಎಷ್ಟು ಸಲ ಹೇಳಿದರೂ ಅವಳಿಗೆ ಪುರುಸೊತ್ತಾಗಿರಲಿಲ್ಲ.

ಇವತ್ತು ತಾಲೀಮಿಗೆ ಹೊರಡುವಾಗಲೂ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿದ್ದ.

“ಇವತ್ತು ಕೇಳೇಬಿಡ್ತೀನಿ ಕಣೆ. ಎಲ್ಲರ ಮುಂದೆ ಕೇಳಿದ್ರೆ ಇಲ್ಲ ಅನ್ನೋಕಾಗಲ್ಲ. ದೀಪಾವಳಿಗೆ ಮನೇಲಿರ್ತೀನಿ, ಆಮೇಲೆ ಎಲ್ಲಾ ನಾನೇ ನೋಡ್ಕೊತೀನಿ.”

ಆ ಕಡೆ ಪಾತ್ರೆಯ ಸದ್ದು ನಿಂತಿತು.

“ಇವತ್ತೇನಾ?” ಎಂದಳು ಕೃಷ್ಣವೇಣಿ.

ಪಾಪ, ಖುಷಿಗೆ ನಂಬಲೇ ಆಗುತ್ತಿಲ್ಲ ಎಂದುಕೊಂಡ. ಅವನ ಕಣ್ಣೂ ಒದ್ದೆಯಾಯಿತು.

“ರಘು, ಡೈಲಾಗ್,” ಎಂದರು ಸುಚೇತಾ.

“ನನ್ನ ರೋಮ್ ನನಗಾಗಿ ಕಾಯುತ್ತಿದೆ!” ಎಂದು ಗುಡುಗಿದ. ಅದು ಅವನೇ ಸೇರಿಸಿದ ಮಾತು. ಸುಚೇತಾ ಎರಡು ಸಲ ಹೊಡೆದುಹಾಕಿದ್ದರು.

“ಅದು ಬೇಡ ಅಂದೆನಲ್ಲ. ರೋಮ್ ಆಳ್ತಿದ್ದವನು ಅವನ ಮಗನೇ. ಅಪ್ಪನನ್ನ ಬಿಡಿಸೋಕೆ ಸೈನ್ಯ ತಗೊಂಡು ಬರಲೇ ಇಲ್ಲ.”

“ಪರ್ಷಿಯನ್ನರು ಬಿಡಬೇಕಲ್ಲ ಮೇಡಂ.”

ಸುಚೇತಾ ಗಂಡನ ಮುಖ ನೋಡಿದರು. ಚಂದ್ರಮೋಹನರು ನೆಲ ನೋಡಿದರು.

ಇದೇ ಸಮಯವೆಂದು ರಘೂತ್ತಮ ಬಗ್ಗಿದಲ್ಲಿಂದಲೇ ತಲೆ ಎತ್ತಿದ. “ಸರ್, ನಾಟಕ ಅಲ್ಲ, ನಿಜವಾಗ್ಲೂ ಕೇಳ್ತಿದೀನಿ. ನನ್ನನ್ನ ಯಾಕೆ ಹೀಗೆ ಹಿಡಿದಿಟ್ಕೊಂಡಿದೀರಿ? ನನಗೂ ಹೆಂಡತಿ ಮಗ ಇದಾರೆ. ನಿಮಗೆ ಕರುಳೇ ಇಲ್ವಾ?”

ಬೆನ್ನ ಮೇಲಿನ ಕಾಲು ಇಳಿಯಿತು. ಸೈನಿಕರ ವೇಷದ ಇಬ್ಬರು ರಟ್ಟಿನ ಈಟಿಗಳನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು.

“ಇದೆ ರಘು, ಅದಕ್ಕೇ ಒಪ್ಕೊಂಡೆ,” ಎಂದರು ಚಂದ್ರಮೋಹನರು. ಅವರ ದನಿ ಬಹಳ ದಣಿದಿತ್ತು. “ಮಾತು ಕೊಟ್ಟಿದೀನಿ. ಅದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ.”

“ಯಾರಿಗೆ ಕೊಟ್ಟಿದೀರಿ?”

ಶಾಪುರನ ನಿಲುವಂಗಿಗೆ ಜೇಬಿರಲಿಲ್ಲ; ಚಂದ್ರಮೋಹನರ ಫೋನು ಸಿಂಹಾಸನದ ಮೇಲೆ ಬಿದ್ದಿತ್ತು, ಬಗ್ಗಿದ್ದ ರಘೂತ್ತಮನ ಮೂಗಿನ ನೇರಕ್ಕೆ. ಅದು ಗುಂಯ್ ಎಂದಿತು. ಪರದೆ ಬೆಳಗಿತು. ಮೇಲೆ ಕೃಷ್ಣವೇಣಿಯ ಹೆಸರು.

“ಸರ್, ಇವರು ಇವತ್ತು ಮತ್ತೆ ಕೇಳ್ತಾರೆ, ಹೋದ ಮೂರು ಸಲದ ಹಾಗೆ ಈ ಸಲವೂ ದಯವಿಟ್ಟು ಇಲ್ಲ ಅನ್ನಿ, ನಾನೂ ಆತ್ರೇಯನೂ ಈಗಷ್ಟೇ ಉಸಿರಾಡ್ತಿದೀವಿ.”